ಮನೆಗೆ ಕಳಿಸುವ ಪಾಠ

ನನ್ನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಿಡುಕಿನ ಹೆಂಗಸು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಷ್ಟು ವರ್ಷ ನಿಂತವರು ಸಿಡುಕಾಗದೆ ಉಳಿಯುವುದು ಕಷ್ಟ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ನನ್ನ ಜೊತೆ ಕೊನೆಯವರೆಗೂ ದುಡಿದ ಸಿಸ್ಟರ್ ಗ್ರೇಸಮ್ಮ ಇದನ್ನು ಒಪ್ಪುವುದಿಲ್ಲ. "ನೀವು ಬಂದ ದಿನಾನೂ ಹಿಂಗೇ ಇದ್ರಿ ಮೇಡಂ" ಎನ್ನುತ್ತಾಳೆ. ಇಬ್ಬರಿಗೂ ಒಂದೇ ವರ್ಷ ನಿವೃತ್ತಿಯಾಯಿತು. ರಾಯಚೂರಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಇದ್ದಾಳೆ, ದಿನಾ ಬಂದು ಜಗಳವಾಡಿ ಚಹಾ ಕುಡಿದು ಹೋಗುತ್ತಾಳೆ.

ತುರ್ತು ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಓದುವ ಹುಡುಗ ಹುಡುಗಿಯರೂ ಬರುತ್ತಾರೆ. ನಾನು ಯಾವ ವರ್ಷ ಯಾವ ಕುರ್ಚಿಯಲ್ಲಿ ಕೂತೆ ಎಂಬುದು ಅವರಿಗೂ ಬೇಡ, ನನಗೂ ಬೇಡ. ನಾನು ಸಿದ್ಧಪಡಿಸಿದ ತರಬೇತಿಯ ಪಠ್ಯಕ್ರಮದಲ್ಲಿ "ಮನೆಗೆ ಕಳಿಸುವುದು" ಎಂಬ ಒಂದು ಪುಟವಿದೆ. ಅದನ್ನು ಯಾಕೆ ಹಾಕಿದಿರಿ ಎಂದು ಎಲ್ಲರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಈಗ ಬರೆದೇ ಇಡುತ್ತೇನೆ. ಓದಿ ನನ್ನನ್ನು ಬೈದುಕೊಂಡರೂ ಪರವಾಗಿಲ್ಲ.

ನಾನು ಮಾನ್ವಿಯವಳು. ಅವ್ವ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನಮ್ಮ ಓಣಿಯಲ್ಲಿ ಮೊದಲು ಡಾಕ್ಟರಾದವಳು ನಾನೇ, ಹಾಗಾಗಿ ಗತ್ತು ಸ್ವಲ್ಪ ಜಾಸ್ತಿಯೇ ಇತ್ತು. ಮೊದಲ ನೇಮಕ ದೇವದುರ್ಗದ ಕಡೆ ಒಂದು ಸಣ್ಣ ಆಸ್ಪತ್ರೆಗೆ. ಅಲ್ಲಿಗೆ ಒಂದು ದಿನ ಅರಕೇರಾದ ಇಬ್ಬರು ಅಣ್ಣತಮ್ಮಂದಿರು ತಮ್ಮ ತಂದೆಯನ್ನು ಕರೆತಂದರು. ಮೂತ್ರಪಿಂಡ ಕೆಟ್ಟು ಮುದುಕನಿಗೆ ಪ್ರಜ್ಞೆ ತಪ್ಪಿತ್ತು. ಮಧ್ಯಾಹ್ನದ ಹೊತ್ತಿಗೆ ಉಸಿರು ಏರಿಳಿಯತೊಡಗಿತು. ದೊಡ್ಡ ಮಗ ಬಂದು ಕೈಮುಗಿದ.

"ಯವ್ವಾ, ಉಸಿರಿರೋದ್ರಾಗ ಮನಿ ಮುಟ್ಟಿಸ್ತೀವಿ. ಬಿಟ್ಟುಕೊಡ್ರಿ."

ಯಾಕೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹೊರಗೆ ಜೀವ ಬಿಟ್ಟವರ ಹೆಣವನ್ನು ಮನೆಯೊಳಗೆ ಒಯ್ಯಬಾರದು ಎಂಬ ರೂಢಿ ಈ ಕಡೆ ಬಹಳ ಊರುಗಳಲ್ಲಿದೆ, ನಮ್ಮ ಓಣಿಯಲ್ಲೂ ಇತ್ತು. ಬಿಳಿ ಕೋಟು ತೊಟ್ಟ ಮೇಲೆ ಅದನ್ನು ಮೂಢನಂಬಿಕೆಗಳ ಪಟ್ಟಿಗೆ ಸೇರಿಸಿ ಮರೆತುಬಿಟ್ಟಿದ್ದೆ. "ಮನಿಗೆ ಒಯ್ದು ಏನ್ ಮಾಡ್ತೀರಿ, ಕೊಲ್ತೀರೇನು?" ಎಂದು ಎಲ್ಲರೆದುರು ಬೈದೆ. ಮುದುಕ ಸಂಜೆಗೆ ಆಸ್ಪತ್ರೆಯ ಮಂಚದ ಮೇಲೆಯೇ ತೀರಿಕೊಂಡ.

ವಾರ ಕಳೆದು ಅದೇ ಮಗ ಕೈಯ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ತಂದೆಯ ಮಣ್ಣು ಹೇಗಾಯಿತೆಂದು ನಾನೇ ಕೇಳಿದೆ.

"ಊರ ಹೊರಗ ಹೊಲದಾಗ ಮಲಗಿಸಿದ್ವಿರೀ. ಅವ್ವಗ ನಡ್ಯಾಕ ಬರಂಗಿಲ್ಲ, ಹೊತ್ಕೊಂಡು ಬಂದು ಮಾರಿ ತೋರಿಸಿದ್ವಿ. ತಾನ ಕಟ್ಟಿಸಿದ ಮನಿ, ಒಳಗ ಹೋಗ್ಲಿಲ್ಲ ನಮ್ಮಪ್ಪ. ಇರ್ಲಿ ಬಿಡ್ರಿ, ನೀವೂ ಚಲೋ ಮಾಡಾಕ ಹೋಗಿದ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತಾಡಿ ಹಗುರವಾಗುತ್ತಿದ್ದೆ. ಗಾಯಕ್ಕೆ ಪಟ್ಟಿಯನ್ನು ನಾನೇ ಕಟ್ಟಿದೆ.

ಅಂದಿನಿಂದ ನಾನು ಕಳಿಸುವುದನ್ನು ಕಲಿತೆ. ರಾಯಚೂರಿಗೆ ವರ್ಗವಾಗಿ ಬಂದ ಮೇಲೆ ಅದರಲ್ಲಿ ಕೈ ಪಳಗಿತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. "ವೈದ್ಯರ ಸಲಹೆ ಮೀರಿ ಒಯ್ಯುತ್ತಿದ್ದೇವೆ" ಎಂದು ಬರೆದ ಒಂದು ಕಾಗದವಿರುತ್ತದೆ, ಮನೆಯವರು ಅದಕ್ಕೆ ಹೆಬ್ಬೆಟ್ಟು ಒತ್ತಬೇಕು. ಬೇರೆ ವೈದ್ಯರು ಆ ಕಾಗದ ಹಿಡಿದು ಮನೆಯವರ ಜೊತೆ ತಾಸುಗಟ್ಟಲೆ ಜಗಳ ಮಾಡುತ್ತಿದ್ದರು. ನಾನು ಹಾಗಲ್ಲ. ಅವರು ಬಾಯಿ ತೆರೆಯುವ ಮೊದಲೇ "ಒಯ್ರಿ, ಹೊತ್ತಾಗ್ತದ" ಎನ್ನುತ್ತಿದ್ದೆ. ಜನ ಕಾಲಿಗೆ ಬೀಳುತ್ತಿದ್ದರು. ಜನರ ಮನಸ್ಸು ತಿಳಿದ ಡಾಕ್ಟರಮ್ಮ ಎಂದು ಹೆಸರಾಯಿತು, ನನಗೂ ಅದು ರುಚಿಸಿತು. ಹೊಸದಾಗಿ ಈ ಕೆಲಸಕ್ಕೆ ಬರುವವರೇ, ಜನ ನಿಮ್ಮನ್ನು ಯಾವ ಕೆಲಸಕ್ಕೆ ಹೊಗಳುತ್ತಾರೋ ಅದನ್ನೇ ನೀವು ಅವಸರದಲ್ಲಿ ಮಾಡತೊಡಗುತ್ತೀರಿ.

ಅಂದಿನ ತುರ್ತು ವಿಭಾಗವನ್ನು ಈಗಿನವರು ಊಹಿಸಲಾರರು. ಕಬ್ಬಿಣದ ಮೂರು ಮಂಚ, ಕಿರುಗುಟ್ಟುವ ಒಂದು ಫ್ಯಾನು, ಆಮ್ಲಜನಕದ ಒಂದು ಸಿಲಿಂಡರ್. ತಲೆಯ ಸ್ಕ್ಯಾನ್ ತೆಗೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಕೃತಕ ಉಸಿರಾಟದ ಯಂತ್ರಗಳು ಎರಡೇ, ಎರಡೂ ಸದಾ ಯಾರಿಗಾದರೂ ಹಚ್ಚಿಯೇ ಇರುತ್ತಿದ್ದವು. ಉಳಿದವರಿಗೆ ಗಂಟಲಲ್ಲಿ ನಳಿಗೆ ಇಳಿಸಿ, ಅದರ ತುದಿಗೆ ರಬ್ಬರಿನ ಉಸಿರುಚೀಲ ಸಿಕ್ಕಿಸಿ, ಚೀಲವನ್ನು ಮನೆಯವರ ಕೈಗೇ ಕೊಡುತ್ತಿದ್ದೆವು. "ನೀವು ಉಸಿರಾಡಿದಂಗ ಒತ್ರಿ" ಎಂಬುದಷ್ಟೇ ಅವರಿಗೆ ಸಿಗುತ್ತಿದ್ದ ತರಬೇತಿ. ಗಂಡ ದಣಿದರೆ ಅಣ್ಣ, ಅಣ್ಣ ದಣಿದರೆ ಪಕ್ಕದ ಮಂಚದವರು, ಹೀಗೆ ಪಾಳಿಯ ಮೇಲೆ ಒತ್ತುತ್ತಿದ್ದರು.

ಒಂದು ಬೆಳಿಗ್ಗೆ ಚಂದ್ರಬಂಡದಿಂದ ದುರುಗಮ್ಮ ಎಂಬವಳನ್ನು ಆಟೋದಲ್ಲಿ ತಂದರು. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹತ್ತಿ ಬಿಡಿಸಲು ಕೂಲಿಗೆ ಹೋಗುವವಳು. ಜೊತೆಗೆ ಗಂಡ, ಮತ್ತು ಗಂಡನ ತಂಗಿ ಈರಮ್ಮ. ಈರಮ್ಮನೇ ಹೇಳಿದಳು.

"ಏಳೋತ್ಲೇ ಹೊಟ್ಟಿ ನೋವು ಅಂದ್ಲುರೀ. ಎರಡ್ಸಲ ಕಾರ್ಕೊಂಡ್ಲು. ಕಣ್ಣು ತೆಗ್ಯಾಕ ಬರವಲ್ದು ಅಂದ್ಲು. ಆಮ್ಯಾಲ ನಾಲಿಗಿ ದಪ್ಪ ಆಗಿ ಮಾತ ನಿಂತ್ವು."

ಈ ನಾಲ್ಕು ಮಾತಿನಲ್ಲಿ ಉತ್ತರ ಪೂರ್ತಿ ಇತ್ತು. ಇಂದು ನನ್ನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾರೆ. ನಾನು ಕೇಳಿಸಿಕೊಂಡೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಉಸಿರು ನಿಲ್ಲುವುದರಲ್ಲಿತ್ತು, ನಳಿಗೆ ಇಳಿಸಿದೆ. ಚೀಲವನ್ನು ಈರಮ್ಮನ ಕೈಗೆ ಕೊಟ್ಟೆ. ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟರೆ ಕಣ್ಣಪಾಪೆ ಅಗಲಕ್ಕೆ ತೆರೆದುಕೊಂಡು ಅಲುಗಾಡದೆ ನಿಂತಿತ್ತು. ಚಿವುಟಿದೆ, ಎದೆಯ ಮೇಲೆ ಗೆಣ್ಣು ಒತ್ತಿದೆ, ಏನೂ ಇಲ್ಲ. ಮೈಮೇಲೆ ಗಾಯವಿಲ್ಲ, ಗುರುತಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ತೀರ್ಮಾನಿಸಿದೆ.

ಗ್ರೇಸಮ್ಮ ನಾಡಿ ಹಿಡಿದು ನಿಂತಿದ್ದಳು. "ಮೇಡಂ, ನಾಡಿ ಚಲೋ ಅದಲ್ರೀ. ಬಿಪಿನೂ ಅದ. ಇನ್ನಷ್ಟು ಹೊತ್ತು ನೋಡೋಣ."

"ಕಣ್ಣು ನೋಡು ಗ್ರೇಸಮ್ಮ. ಮುಗೀತು. ನನಗ ಕಲಿಸಬ್ಯಾಡ."

ಮಂಚದ ಪಕ್ಕದಲ್ಲೇ, ದುರುಗಮ್ಮನ ತಲೆಯಿಂದ ಒಂದು ಗೇಣು ದೂರದಲ್ಲಿ ನಿಂತು ಅವಳ ಗಂಡನಿಗೆ ಹೇಳಿದೆ. "ಮಿದುಳಿನಾಗ ರಕ್ತ ಒಡದದಪ್ಪ. ಉಳಿಯಂಗಿಲ್ಲ. ಮನಿಗೆ ಒಯ್ಯೋದಿದ್ರ ಈಗ ಒಯ್ರಿ." ಅವನು ಗೋಡೆಗೆ ಒರಗಿ ಅತ್ತ. ಕಾಗದಕ್ಕೆ ಹೆಬ್ಬೆಟ್ಟು ಬಿತ್ತು. ಇಷ್ಟಕ್ಕೂ ಅವನು ಕೇಳಿರಲಿಲ್ಲ, ನಾನೇ ಮುಂದಾಗಿ ಹೇಳಿದ್ದೆ.

ಸಾಮಾನ್ಯವಾಗಿ ಗಾಡಿ ಹತ್ತಿಸುವಾಗ ನಳಿಗೆ ತೆಗೆದುಬಿಡುತ್ತಿದ್ದೆವು. ಅಂದು ಗ್ರೇಸಮ್ಮ ಅಡ್ಡ ನಿಂತಳು. "ಮನಿ ಮುಟ್ಟೋತನ ಉಸಿರು ಬೇಕಲ್ರೀ ಅವರಿಗೆ? ನಳಿಗಿ ಇರ್ಲಿ, ಚೀಲಾನೂ ಅವರ ಜೋಡಿ ಹೋಗ್ಲಿ." ವಾದಿಸುವ ತಾಳ್ಮೆ ಇಲ್ಲದೆ ಹೂಂ ಎಂದೆ. ಆ ಒಂದು ಹೂಂ ಮಾತ್ರ ಅಂದು ನಾನು ಮಾಡಿದ ಸರಿಯಾದ ಚಿಕಿತ್ಸೆ, ಅದೂ ನನ್ನದಲ್ಲ.

ಮುಂದಿನದನ್ನು ಈರಮ್ಮ ಆಮೇಲೆ ಹೇಳಿದಳು. ದುರುಗಮ್ಮನನ್ನು ಪಡಸಾಲೆಯಲ್ಲಿ ಮಲಗಿಸಿದರು. ಜನ ಕೂಡಿದರು. ತುಟಿಗೆ ನೀರು ಮುಟ್ಟಿಸಿದ್ದೂ ಆಯಿತು. ಈರಮ್ಮ ಮಾತ್ರ ಚೀಲ ಬಿಡಲಿಲ್ಲ. ಹಿರಿಯರು "ಸಾಕು ಬಿಡವ್ವ, ಜೀವಕ್ಕ ಯಾಕ ತ್ರಾಸು" ಎಂದರು. "ನನ್ನ ಕೈ ಸೋತ ಮ್ಯಾಲ ಬಿಡ್ತೀನಿ" ಎಂದಳಂತೆ. ಎಡಗೈ, ಬಲಗೈ, ಮತ್ತೆ ಎಡಗೈ. ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಅತ್ತಿಗೆಯ ಕಾಲಿನ ಹೆಬ್ಬೆರಳು ಕದಲಿತು. ಯಾರೂ ನಂಬಲಿಲ್ಲ. ಮತ್ತೆ ಕದಲಿತು.

ಬಿಸಿಲು ಇಳಿಯುವ ಮೊದಲೇ ಟೆಂಪೊ ಒಂದು ನಮ್ಮ ಬಾಗಿಲಿಗೆ ಬಂದು ನಿಂತಿತು. ಈರಮ್ಮ ಇನ್ನೂ ಒತ್ತುತ್ತಿದ್ದಳು, ಅಂಗೈ ಬೊಬ್ಬೆ ಎದ್ದಿತ್ತು.

"ಬೆರಳು ಅಳ್ಳಾಡಿಸ್ಯಾಳ್ರೀ. ಒಂದ್ಸಲ ಅಲ್ಲ, ಮೂರ್ಸಲ."

ಗ್ರೇಸಮ್ಮ ನನ್ನ ಮುಖ ನೋಡಲಿಲ್ಲ. ಈರಮ್ಮನನ್ನು ಕೇಳಿದಳು, "ನಿನ್ನೆ ಎಲ್ಲಿ ಮಲಗಿದ್ಲವ್ವ?"

"ನೆಲದ ಮ್ಯಾಲರೀ. ಕಟಿಗಿ ಒಟ್ಟಿದ್ದ ಮಗ್ಗಲಕ."

ಆಗ ನನಗೆ ಹೊಳೆಯಿತು, ಹಾವು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ. ನೋವಾಗುವುದಿಲ್ಲ, ಗುರುತೂ ಉಳಿಯದಿರಬಹುದು. ಅದರ ವಿಷ ರೆಪ್ಪೆ, ನಾಲಿಗೆ, ಉಸಿರು, ಕೊನೆಗೆ ಕಣ್ಣಪಾಪೆಯನ್ನೂ ಕಟ್ಟಿಹಾಕುತ್ತದೆ. ನೋಡುವವರಿಗೆ ಸತ್ತಂತೆಯೇ ಕಾಣುತ್ತದೆ. ಆದರೆ ಮಿದುಳಿಗೆ ಏನೂ ಆಗಿರುವುದಿಲ್ಲ. ಉಸಿರು ಒಂದನ್ನು ನಡೆಸುತ್ತಾ ಕಾದರೆ ಮನುಷ್ಯ ಎದ್ದು ಬರುತ್ತಾನೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ.

ವಿಷದ ಮದ್ದು ಕೊಟ್ಟೆವು. ಒಂದು ಯಂತ್ರ ತೆರವಾಯಿತು. ಕೆಲವು ದಿನಗಳಲ್ಲಿ ದುರುಗಮ್ಮ ತಾನೇ ಉಸಿರಾಡಿದಳು, ಆಮೇಲೆ ನಡೆದಳು. ಬಿಡುಗಡೆಯ ದಿನ ನಾನು ಎದುರಿಗೆ ಹೋದಾಗ ಮುಖ ಆ ಕಡೆ ತಿರುಗಿಸಿದಳು. ನಾಚಿಕೆ ಇರಬೇಕು ಎಂದುಕೊಂಡೆ. ದಾಖಲೆಯಲ್ಲಿ "ಹಾವು ಕಡಿತ, ಗುಣಮುಖ" ಎಂದು ಬರೆದೆ. ಬೆಳಗಿನ ಕಾಗದದ ಸುದ್ದಿ ಬರೆಯಲಿಲ್ಲ. ತಿಂಗಳ ಸಭೆಯಲ್ಲಿ ಅಪರೂಪದ ಜೀವ ಉಳಿಸಿದ್ದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತು ಕೈಮುಗಿದೆ. ಈ ವೃತ್ತಿಯಲ್ಲಿ ನಾನು ಮಾಡಿದ ಅತಿ ನಾಚಿಕೆಗೇಡಿನ ಕೆಲಸ ಯಾವುದೆಂದು ಕೇಳಿದರೆ ಅಂದು ಕೈಮುಗಿದದ್ದೇ.

ವರ್ಷಗಳು ಕಳೆದವು. ತುರ್ತು ಚಿಕಿತ್ಸೆ ಪ್ರತ್ಯೇಕ ವಿಷಯವಾಯಿತು, ನಮ್ಮಲ್ಲೂ ಸ್ನಾತಕೋತ್ತರ ಕೋರ್ಸು ಬಂತು. ಪ್ರಾಂಶುಪಾಲರು ನನ್ನನ್ನು ಕರೆದು ಎಲ್ಲಿಂದಲೋ ತರಿಸಿದ ದಪ್ಪ ಮಾದರಿಯೊಂದನ್ನು ಮುಂದಿಟ್ಟರು. "ಇದರಾಗಿಂದು ತಗದು, ಹಾಕಿ, ನಮ್ಮದೊಂದು ಪಠ್ಯಕ್ರಮ ಮಾಡ್ರಿ ಮೇಡಂ." ತೆರೆದು ನೋಡಿದರೆ ಹಿಮದಲ್ಲಿ ಬೆರಳು ಕೊಳೆತವರ ಚಿಕಿತ್ಸೆಗೆ ಮೂರು ತಾಸು ಇಟ್ಟಿದ್ದರು. ಬೇಸಿಗೆಯಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಊರು ನಮ್ಮದು. ಕಡಲಾಳಕ್ಕೆ ಧುಮುಕಿದವರ ಕಾಯಿಲೆಗೆ ಒಂದು ಅಧ್ಯಾಯವೇ ಇತ್ತು. ಮೊದಲ ದಿನ ಕೆಂಪು ಪೆನ್ನಿನ ಶಾಯಿ ಖಾಲಿಯಾಯಿತು.

ತೆಗೆದ ಜಾಗಕ್ಕೆ ಬಿಸಿಲ ಹೊಡೆತ ಬಂತು, ಹತ್ತಿಗೆ ಹೊಡೆಯುವ ಔಷಧ ಮೈಗಿಳಿದವರು ಬಂದರು. ಪ್ರತಿಯೊಬ್ಬ ವಿದ್ಯಾರ್ಥಿ ಒಂದು ತಿಂಗಳು ದೇವದುರ್ಗದ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ದುಡಿಯಬೇಕೆಂದು ಬರೆದೆ. ರಾಯಚೂರಿನಲ್ಲಿ ಕೂತು "ಇವರು ಯಾಕಿಷ್ಟು ತಡವಾಗಿ ಕಳಿಸ್ಯಾರ?" ಎಂದು ಹಾರಾಡುವವರು ಆ ಕಡೆಯಿಂದ ರೋಗಿಯ ಜೊತೆ ಕುಲುಕುವ ಗಾಡಿಯಲ್ಲಿ ಬಂದು, ತಮ್ಮದೇ ಹಿರಿಯರಿಂದ ಬೈಸಿಕೊಳ್ಳಲಿ ಎಂಬುದು ನನ್ನ ಆಸೆಯಾಗಿತ್ತು. ಅದು ಸರಾಗ ಪಾಸಾಯಿತು. ಕಷ್ಟವಾದದ್ದು "ಮನೆಗೆ ಕಳಿಸುವುದು" ಎಂಬ ಪುಟ. ಕಳಿಸುವಾಗ ವಿದ್ಯಾರ್ಥಿ ವರ್ಷಕ್ಕೊಮ್ಮೆಯಾದರೂ ಜೊತೆಗೆ ಹೋಗಿ ಮನೆ ಮುಟ್ಟಿಸಬೇಕು. ರೋಗಿ ಉಳಿಯುವ ಆಸೆ ಇಲ್ಲ ಎಂದು ಬಾಯಿಬಿಡುವ ಮೊದಲು ಹಾವು, ವಿಷ ಎರಡನ್ನೂ ನೆನೆದು ಕಾಯಬೇಕು. ಇಷ್ಟು ಬರೆದು ಕೆಳಗೆ ಒಂದು ಉದಾಹರಣೆ ಕೊಟ್ಟೆ. "ಒಬ್ಬ ವೈದ್ಯರು ಕಟ್ಟುಹಾವು ಕಚ್ಚಿದ ಮಹಿಳೆಯನ್ನು..." ಎಂದು ಅದು ಶುರುವಾಗುತ್ತಿತ್ತು.

ಗ್ರೇಸಮ್ಮ ಓದಿ ಕನ್ನಡಕ ತೆಗೆದಳು. "ಯಾರು ಮೇಡಂ ಈ ಒಬ್ಬ ವೈದ್ಯರು? ನನಗ ಗೊತ್ತೇನು ಅವರು?"

ನಾನು ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಆದರೆ ದುರುಗಮ್ಮನ ಸುದ್ದಿ ಬರೆಯಲು ಅವಳ ಒಪ್ಪಿಗೆ ಬೇಕಿತ್ತು. ಒಂದು ಭಾನುವಾರ ಗ್ರೇಸಮ್ಮನನ್ನು ಕರೆದುಕೊಂಡು ಚಂದ್ರಬಂಡಕ್ಕೆ ಹೋದೆ. ದುರುಗಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಕೂದಲು ಅಲ್ಲಲ್ಲಿ ನರೆತಿತ್ತು. ಚಾಪೆ ಹಾಕಿ ಕೂಡಿಸಿದಳು. ನಾನು ಬಂದ ಕೆಲಸ ಹೇಳಿದೆ. ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ಬರಕೋರಿ, ಬ್ಯಾಡ ಅನ್ನಂಗಿಲ್ಲ. ಖರೇ ಒಂದ್ ಮಾತು. ನನಗ ಎಲ್ಲಾ ಕೇಳಿಸ್ತಿತ್ತು."

"ಏನು ಕೇಳಿಸ್ತಿತ್ತು?"

"ಎಲ್ಲಾ. ಈ ಸಿಸ್ಟರಮ್ಮ ನಾಡಿ ಅದ ಅಂದಿದ್ದು, ನೀವು ಮುಗೀತು ಅಂದಿದ್ದು. ಉಳಿಯಂಗಿಲ್ಲ, ಒಯ್ರಿ ಅಂದ್ರಿ. ನನ್ನ ಗಂಡ ಅತ್ತ. ನಾ ಒಳಗಿಂದ ಒದರಾಕತ್ತಿದ್ದೆ, ಅದೀನಿ, ಅದೀನಿ ಅಂತ. ನಿಮಗ ಕೇಳಿಸ್ಲಿಲ್ಲ. ಮನ್ಯಾಗ ಕುಣಿ ಎಲ್ಲಿ ತೋಡೋದಂತ ನನ್ನ ತಲಿ ಮ್ಯಾಲ ನಿಂತು ಮಾತಾಡಿದ್ರು. ಆ ಬೆರಳು ಅಳ್ಳಾಡಿಸಾಕ ನಾ ಪಟ್ಟ ಪಾಡು, ಹಡಿಯುವಾಗೂ ಪಟ್ಟಿಲ್ಲರೀ."

ಇಷ್ಟು ವರ್ಷ ಇದನ್ನು ಈರಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲವಂತೆ. ಗ್ರೇಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅಳುವೂ ಬರಲಿಲ್ಲ, ಕ್ಷಮೆ ಕೇಳುವ ಮಾತೂ ಬರಲಿಲ್ಲ. ಮೇಷ್ಟರಂತೆ ಒಂದು ಪ್ರಶ್ನೆ ಕೇಳಿದೆ.

"ಹುಡುಗರಿಗೆ ಏನು ಕಲಿಸ್ಲವ್ವ?"

"ಏನರೆ ಹೇಳೋದಿದ್ರ ಮೊದಲ ನನಗ ಹೇಳ್ಬೇಕಿತ್ತು. ಜೀವ ನಂದಲ್ರೀ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಲ್ಲೂರಿನ ಒಬ್ಬ ರೈತ ನೆನಪಾದ. ದುರುಗಮ್ಮನಿಗಿಂತ ಮೊದಲಿನ ವರ್ಷ ಬಂದವನು. ಅದೇ ತೆರೆದ ಕಣ್ಣಪಾಪೆ, ಅದೇ ಒಯ್ರಿ ಎಂಬ ಮಾತು. ಗಾಡಿಯ ಬಳಿ ಅವನ ನಳಿಗೆಯನ್ನು ನಾನೇ ಕೈಯಾರೆ ತೆಗೆದಿದ್ದೆ. ಅವನಿಗೆ ಏನಾಗಿತ್ತೆಂದು ಇಂದಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅವನಿಗೂ ಕೇಳಿಸಿತ್ತೇ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮರುದಿನ ಆ ಪುಟಕ್ಕೆ ಒಂದು ಸಾಲು ಸೇರಿಸಿದೆ. ಮನೆಯವರಿಗೆ ಯಾವುದೇ ಮಾತು ಹೇಳುವ ಮೊದಲು, ಪ್ರಜ್ಞೆ ಇಲ್ಲವೆಂದು ಕಂಡರೂ, ರೋಗಿಯ ಹೆಸರು ಹಿಡಿದು ಕಿವಿಯ ಬಳಿ ಅದನ್ನು ಹೇಳಬೇಕು.

ಪಠ್ಯಕ್ರಮ ಒಪ್ಪುವ ಸಮಿತಿಯಲ್ಲಿ ಈ ಸಾಲಿಗೆ ಬಂದಾಗ ನಗೆ ಎದ್ದಿತು. ಹೊರಗಿನಿಂದ ಬಂದ ತಜ್ಞರೊಬ್ಬರು ಸೌಜನ್ಯದಿಂದಲೇ ಕೇಳಿದರು. "ಪ್ರಜ್ಞೆ ಇಲ್ಲದವರ ಕಿವಿಯಲ್ಲಿ ಮಾತಾಡಿದ್ದಕ್ಕೆ ಅಂಕ ಹೇಗೆ ಕೊಡುತ್ತೀರಿ? ಮತ್ತೆ ಈ 'ಒಬ್ಬ ವೈದ್ಯರು' ಯಾರು? ಹೆಸರಿಲ್ಲದ ಘಟನೆ ಕಥೆಯಾಗುತ್ತದೆ, ಪಾಠವಾಗುವುದಿಲ್ಲ. ಈ ಪುಟ ತೆಗೆಯಿರಿ."

ಪ್ರಾಂಶುಪಾಲರು ನನ್ನ ಕಡೆ ಬಾಗಿ ಮೆಲ್ಲಗೆ ಅಂದರು. "ಹೋಗ್ಲಿ ಬಿಡ್ರಿ ಮೇಡಂ. ಆರು ತಿಂಗಳದಾಗ ನಿವೃತ್ತಿ ಅದ. ಬಾಯಿ ಬಿಟ್ರ ವಿಚಾರಣಿ ಅಂತ ಬರ್ತದ. ಪುಟ ಹೋದ್ರ ಹೋಯ್ತು." ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನನಗೂ ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆ ಪುಟ ಹೋದರೆ ಮುಂದೆ ಯಾವುದೋ ಹುಡುಗ ಯಾವುದೋ ಮಂಚದ ಪಕ್ಕದಲ್ಲಿ ನನ್ನ ಹಾಗೆಯೇ ನಿಂತು ಒಯ್ರಿ ಎನ್ನುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆಯಾಯಿತು. ಚಪ್ಪಾಳೆಗೆ ಎದ್ದು ನಿಂತಿದ್ದ ಹಾಗೆಯೇ ಎದ್ದು ನಿಂತೆ.

"ಆ ವೈದ್ಯೆ ನಾನೇ. ನನ್ನ ಹೆಸರು ಹಾಕ್ರಿ."

ನಡೆದದ್ದನ್ನೆಲ್ಲ ಹೇಳಿದೆ, ಗ್ರೇಸಮ್ಮನನ್ನು ಬೈದದ್ದನ್ನೂ ಬಿಡಲಿಲ್ಲ. ತಜ್ಞರು ಆ ಹಾಳೆಯನ್ನು ಇನ್ನೊಮ್ಮೆ ಓದಿ, "ಅಂಕ ಬೇಡ, ಪುಟ ಇರಲಿ" ಎಂದರು. ವಿಚಾರಣೆ ನಡೆಯಿತು, ಎಚ್ಚರಿಕೆಯ ಪತ್ರವೂ ಬಂತು. ಅದನ್ನು ಹರಿದು ಹಾಕಿಲ್ಲ.

ನಿವೃತ್ತಿಗೆ ಮುಂಚಿನ ವಾರ ಆ ಪುಟದ ಮೊದಲ ಪಾಠವಾಯಿತು. ಅಭ್ಯಾಸದ ಕೋಣೆಯಲ್ಲಿ ಈಗ ಉಸಿರಾಡುವ ಗೊಂಬೆಗಳಿವೆ, ಅವನ್ನು ಬದಿಗೆ ಸರಿಸಿದೆವು. ದುರುಗಮ್ಮ ಈರಮ್ಮನ ಜೊತೆ ಬಂದಿದ್ದಳು. ನಾನು ಕೇಳಿಕೊಂಡಿದ್ದೆ, ಬರುತ್ತಾಳೆಂಬ ನಂಬಿಕೆ ಇರಲಿಲ್ಲ. ದುರುಗಮ್ಮ ರೋಗಿಯಂತೆ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು.

ಮೊದಲು ಬಂದವಳು ನಮ್ಮ ಮಾನ್ವಿಯ ಹುಡುಗಿ ಅಸ್ಮಾ, ಎರಡನೇ ವರ್ಷದ ವಿದ್ಯಾರ್ಥಿನಿ. ಕಿವಿಯ ಹತ್ತಿರ ಬಗ್ಗಿ ಗಡಬಡಿಸಿ ನಾಲ್ಕು ಮಾತು ಹೇಳಿ ಎದ್ದಳು. ದುರುಗಮ್ಮ ಕಣ್ಣು ಬಿಟ್ಟಳು.

"ಸಾವಕಾಶ ಹೇಳವ್ವ. ಒಳಗ ಒಬ್ಬಾಕಿನ ಇರ್ತೀನಿ ನಾ, ಅಂಜಿಕಿ ಬರ್ತದ."

ಅಸ್ಮಾ ಮತ್ತೆ ಹೇಳಿದಳು, ಈ ಸಲ ಕೈ ಹಿಡಿದು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೇಳಿದರು. ಎಲ್ಲರದೂ ಮುಗಿದ ಮೇಲೆ ದುರುಗಮ್ಮ ಏಳುತ್ತಾಳೆಂದು ಕಾದೆ. ಅವಳು ಏಳಲಿಲ್ಲ.

"ಡಾಕ್ಟ್ರಮ್ಮಾರ, ಈಗ ನೀವು ಹೇಳ್ರಿ" ಎಂದು ಮತ್ತೆ ಕಣ್ಣು ಮುಚ್ಚಿದಳು.

ವಿದ್ಯಾರ್ಥಿಗಳು ನನ್ನನ್ನೇ ನೋಡುತ್ತಿದ್ದರು. ಮಂಡಿ ನೋವಿನಲ್ಲೇ ಮಂಚದ ಪಕ್ಕ ಕೂತು, ಅವಳ ಕಿವಿಯ ಹತ್ತಿರ ಬಾಯಿ ತಂದೆ.

"ದುರುಗವ್ವ, ನಾ ಡಾಕ್ಟರು. ನಿನಗ ಏನಾಗ್ಯದಂತ ನನಗ ಇನ್ನಾ ಗೊತ್ತಾಗಿಲ್ಲ. ಗೊತ್ತಾಗೋತನ ನಿನ್ನ ಎಲ್ಲಿಗೂ ಕಳಿಸಂಗಿಲ್ಲ. ಆವತ್ತು ಕಳಿಸಿದ್ದು ನನ್ನ ತಪ್ಪು."

ಅವಳು ಕಣ್ಣು ತೆರೆಯಲಿಲ್ಲ. ಕೈ ಎತ್ತಿ ತಡವರಿಸಿ ನನ್ನ ಕೆನ್ನೆ ಮುಟ್ಟಿದಳು.

"ಕೇಳಿಸ್ತು" ಅಂದಳು.